ಕುರ್ಚಿಯಿಂದ ಎಬ್ಬಿಸುವ ವೈದ್ಯರು

ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಒಂಬತ್ತು ಪತ್ರಿಕೆ. ಒಂದೊಂದಕ್ಕೂ ಮೂರು ಗಂಟೆ. ಎಲ್ಲವನ್ನೂ ಪೆನ್ನು ಹಿಡಿದೇ ಬರೆಯಬೇಕು. ಒಟ್ಟು 27 ಗಂಟೆಗಳ ಬರವಣಿಗೆ, ಅದೂ ಕೆಲವೇ ದಿನಗಳೊಳಗೆ. ಆ ಹಂತ ಮುಟ್ಟುವ ಮುನ್ನ ವರ್ಷಗಟ್ಟಲೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಕೂತು ಓದಿರಬೇಕು. ಉತ್ತರ ದೆಹಲಿಯ ಮುಖರ್ಜಿ ನಗರದ ವ್ಯವಹಾರವೆಲ್ಲ ನಿಂತಿರುವುದು ಹೀಗೆ ಕೂರುವವರ ಮೇಲೆ. ಜಿಟಿಬಿ ನಗರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಬತ್ರಾ ಸಿನಿಮಾದ ಕಡೆ ಹೊರಟರೆ ಕೋಚಿಂಗ್ ಫಲಕಗಳು, ಜೆರಾಕ್ಸ್ ಅಂಗಡಿಗಳು, ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು, ಒಂದು ಪ್ಲಗ್ ಪಾಯಿಂಟ್ ಕೊಡುವ ‘ಲೈಬ್ರರಿ’ಗಳು ಸಾಲುಗಟ್ಟಿವೆ. 2023ರಲ್ಲಿ ತೆರೆಗೆ ಬಂದ ‘ಟ್ವೆಲ್ತ್ ಫೇಲ್’ ಸಿನಿಮಾ ನೋಡಿದವರಿಗೆ ಈ ಓಣಿಗಳ ಗುರುತು ಹತ್ತುತ್ತದೆ. ದೆಹಲಿ ನೋಡದವರು ಧಾರವಾಡದ ಸಪ್ತಾಪುರವನ್ನೋ ಬೆಂಗಳೂರಿನ ವಿಜಯನಗರವನ್ನೋ ನೆನೆದುಕೊಂಡರೆ ಸಾಕು.

ಇಂಥ ಕಡೆ ‘ಪೇನ್ ಕ್ಲಿನಿಕ್’ ಎಂಬ ಫಲಕ ಹಾಕಿ ಕೂತ ವೈದ್ಯರ ಬಳಿಗೆ ಎಂಥವರು ಬರುತ್ತಾರೆಂದು ಊಹಿಸುವುದು ಕಷ್ಟವಲ್ಲ. ಕುತ್ತಿಗೆ ಹಿಡಿದವರು, ಸೊಂಟ ಹಿಡಿದವರು, ಹೆಬ್ಬೆರಳ ಬುಡದಲ್ಲಿ ಚುಳುಕು ಎನ್ನುವವರು, ಬೆರಳುಗಳೆಲ್ಲ ಜುಮ್ಮೆನ್ನುತ್ತವೆ ಎನ್ನುವವರು. ಹೆಚ್ಚಿನವರಿಗೆ ಮೂವತ್ತೂ ತುಂಬಿರುವುದಿಲ್ಲ. ಪಕ್ಕದ ಕಿಂಗ್ಸ್‌ವೇ ಕ್ಯಾಂಪ್‌ನಲ್ಲಿ ದೇಶವಿಭಜನೆಯ ಹೊತ್ತಿಗೆ ನಿರಾಶ್ರಿತರ ದೊಡ್ಡ ಶಿಬಿರವಿತ್ತು. ಹಾಗೆ ಬಂದು ಇಲ್ಲೇ ಬೇರೂರಿದ ಪಂಜಾಬಿ ಮನೆಗಳ ಹಿರಿಯರು ಸವೆದ ಮಂಡಿ ಹಿಡಿದು ಬರುತ್ತಾರೆ. ರಿಕ್ಷಾ ತುಳಿಯುವವರಿದ್ದಾರೆ, ಬೈಕಿನಲ್ಲಿ ಊಟದ ಪೊಟ್ಟಣ ಹೊತ್ತು ಓಡುವವರಿದ್ದಾರೆ. ಮೂಳೆ ಮುರಿದಿಲ್ಲ, ಆಪರೇಷನ್ ಬೇಕಿಲ್ಲ, ಆದರೂ ನೋವು ಬಿಟ್ಟಿಲ್ಲ ಎನ್ನುವವರ ದೊಡ್ಡ ಸಮೂಹವಿದು. ವೈದ್ಯಕೀಯ ಈ ಸಮೂಹವನ್ನು ತನ್ನ ರೋಗಿಗಳೆಂದು ಒಪ್ಪಿಕೊಂಡದ್ದು ಬಹಳ ತಡವಾಗಿ.

ಗಮನಿಸಿದವರೇ ಇರಲಿಲ್ಲ ಎಂದಲ್ಲ. ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಝಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ 1700ರಲ್ಲಿ ಒಂದು ಪುಸ್ತಕ ಬರೆದ. 1713ರ ಪರಿಷ್ಕೃತ ಆವೃತ್ತಿಯಲ್ಲಿ ಗುಮಾಸ್ತರನ್ನೂ ಲಿಪಿಕಾರರನ್ನೂ ಸೇರಿಸಿಕೊಂಡ. ಅವರ ನರಳಾಟಕ್ಕೆ ಆತ ಗುರುತಿಸಿದ ಕಾರಣ ಮೂರು: ಬಿಡದೆ ಕೂರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ಬರೆದು ಬರೆದು ಬಲಗೈ ಸೋತ ಒಬ್ಬ ನೋಟರಿ ಹಟ ಹಿಡಿದು ಎಡಗೈಯಲ್ಲಿ ಬರೆಯಲು ಕಲಿತ, ಕೊನೆಗೆ ಅದಕ್ಕೂ ಅದೇ ರೋಗ ಬಂತು ಎಂದೂ ರಾಮಾಝಿನಿ ದಾಖಲಿಸಿದ್ದಾನೆ. ಮೂರು ಶತಮಾನ ಕಳೆದರೂ ಮುಖರ್ಜಿ ನಗರದ ರೋಗಿಯ ಕೇಸ್ ಶೀಟಿನಲ್ಲಿ ಈ ಮೂರು ಕಾರಣಗಳಲ್ಲಿ ಒಂದನ್ನೂ ಕೈಬಿಡುವಂತಿಲ್ಲ. ನಿದ್ದೆಗೇಡನ್ನು ಮಾತ್ರ ಹೊಸದಾಗಿ ಸೇರಿಸಬೇಕು.

ನೋವಿನ ವೈದ್ಯಕ್ಕೆ ಇಂದು ಬರುವ ಡಾಕ್ಟರು ಎರಡು ಬಾಗಿಲುಗಳಲ್ಲಿ ಒಂದರಿಂದ ಬಂದಿರುತ್ತಾರೆ. ಒಂದು ಅರಿವಳಿಕೆಯದು, ಇನ್ನೊಂದು ಪುನರ್ವಸತಿಯದು. ಒಂದೊಂದು ಬಾಗಿಲನ್ನು ತೆರೆದವರ ಬದುಕೂ ವಿಚಿತ್ರವಾಗಿದೆ.

ಜಾನ್ ಬೊನಿಕಾ 1917ರಲ್ಲಿ ಸಿಸಿಲಿಯ ಬಳಿಯ ಫಿಲಿಕುಡಿ ಎಂಬ ಸಣ್ಣ ದ್ವೀಪದಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಅಮೆರಿಕಕ್ಕೆ ಬಂದರು. ಮೆಡಿಕಲ್ ಕಾಲೇಜಿನ ಖರ್ಚಿಗೆಂದು ಮುಖವಾಡ ಹಾಕಿ ‘ಮಾಸ್ಕ್ಡ್ ಮಾರ್ವೆಲ್’ ಎಂಬ ಹೆಸರಿನಲ್ಲಿ ವೃತ್ತಿಪರ ಕುಸ್ತಿ ಆಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಾಗಿದ್ದಾಗ ಗಾಯ ಒಣಗಿದರೂ ನೋವು ಒಣಗದ ಸೈನಿಕರನ್ನು ಕಂಡರು. ಪುಸ್ತಕಗಳಲ್ಲಿ ಅಂಥವರಿಗೆ ಉತ್ತರವಿರಲಿಲ್ಲ. ಹಾಗಾಗಿ ನರರೋಗ, ಮೂಳೆ, ಮನೋರೋಗ ವಿಭಾಗಗಳವರನ್ನು ಒಟ್ಟಿಗೆ ಕೂರಿಸಿ ಒಬ್ಬೊಬ್ಬ ರೋಗಿಯ ಬಗ್ಗೆಯೂ ಚರ್ಚಿಸತೊಡಗಿದರು. 1953ರಲ್ಲಿ ನೋವಿನ ನಿರ್ವಹಣೆಯ ಬಗ್ಗೆ ಸಾವಿರದ ಐನೂರು ಪುಟ ಮೀರಿದ ಗ್ರಂಥ ತಂದರು. 1960ರ ದಶಕದ ಆರಂಭದಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಲವು ವಿಭಾಗಗಳು ಕೂಡಿ ನಡೆಸುವ ಪೇನ್ ಕ್ಲಿನಿಕ್ ಕಟ್ಟಿದರು. 1973ರಲ್ಲಿ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಕುಸ್ತಿಯ ಪೆಟ್ಟುಗಳಿಂದಾಗಿ ಬೊನಿಕಾ ಅವರಿಗೂ ಬದುಕಿನುದ್ದಕ್ಕೂ ಕೀಲುನೋವು ತಪ್ಪಲಿಲ್ಲ.

ಎರಡನೆಯ ಬಾಗಿಲು ನಮಗೆ ಹತ್ತಿರದ್ದು. ಕೊಚ್ಚಿ ಸೀಮೆಯಲ್ಲಿ ಹುಟ್ಟಿದ ಮೇರಿ ವರ್ಗೀಸ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎಳೆಯ ವೈದ್ಯೆ. ಸ್ತ್ರೀರೋಗ ತಜ್ಞೆಯಾಗುವ ಆಸೆ ಇಟ್ಟುಕೊಂಡಿದ್ದರು. 1954ರ ಜನವರಿಯಲ್ಲಿ ಅವರು ಗೆಳೆಯರೊಂದಿಗೆ ಹೊರಟಿದ್ದ ವಾಹನ ಉರುಳಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದ ಪಾಲ್ ಬ್ರಾಂಡ್ ಅಲ್ಲಿ ಸಹೋದ್ಯೋಗಿ. ಕೈಯ ಆಪರೇಷನ್ನನ್ನು ಕೂತೇ ಮಾಡಬಹುದಲ್ಲ ಎಂದು ಅವರು ಧೈರ್ಯ ತುಂಬಿದರು. ಮೇರಿ ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಮಡಚಿದ ಬೆರಳುಗಳನ್ನು ಬಿಡಿಸತೊಡಗಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರನ್ನು ಮತ್ತೆ ಕೆಲಸಕ್ಕೆ ಮರಳಿಸುವ ವಿದ್ಯೆಯನ್ನೇ ಒಂದು ಶಾಸ್ತ್ರವನ್ನಾಗಿ ಕಟ್ಟಿದ ಹೊವರ್ಡ್ ರಸ್ಕ್ ಅವರ ಬಳಿ ಕಲಿತರು. 1963ರಲ್ಲಿ ವೆಲ್ಲೂರಿನ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಒಳರೋಗಿಗಳ ಪುನರ್ವಸತಿ ಸಂಸ್ಥೆ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ‘ವೆಲ್ಲೂರಿಗೆ ಕರೆದುಕೊಂಡು ಹೋಗೋಣ’ ಎನ್ನುವ ಮಾತು ಇಂದಿಗೂ ಉಂಟು. ಹಾಗೆ ಹೋದವರಲ್ಲಿ ಬೆನ್ನು ಮುರಿದುಕೊಂಡವರಿಗೆ ಮತ್ತೆ ಕೂರಲು, ಚಲಿಸಲು, ದುಡಿಯಲು ಕಲಿಸುವ ಏರ್ಪಾಟು ಕಟ್ಟಿದ್ದು ಈಕೆ.

ಈ ಎರಡು ದಾರಿಗಳು ಕೂಡಿದ್ದು ಬೊನಿಕಾ ಅವರ ಸಿಯಾಟಲ್‌ನಲ್ಲೇ, ಅದೂ ಒಬ್ಬ ಮನಶ್ಶಾಸ್ತ್ರಜ್ಞರ ಕೈಯಲ್ಲಿ. ಅಲ್ಲಿನ ಪುನರ್ವಸತಿ ವಿಭಾಗದಲ್ಲಿದ್ದ ವಿಲ್ಬರ್ಟ್ ಫೋರ್ಡೈಸ್ ಒಂದು ಸಂಗತಿ ಗಮನಿಸಿದರು. ದೀರ್ಘಕಾಲದ ನೋವಿನವರು ಸಾಧ್ಯವಾದಷ್ಟು ದುಡಿಯುತ್ತಾರೆ, ನೋವು ಕೆರಳಿದಾಗ ಮಲಗುತ್ತಾರೆ. ಮಲಗಿದಾಗ ಆರಾಮ ಸಿಗುವುದರಿಂದ ನೋವಿಗೂ ಮಲಗುವುದಕ್ಕೂ ಗಂಟು ಬೀಳುತ್ತದೆ. ದಿನ ಕಳೆದಂತೆ ಓಡಾಟ ಕುಗ್ಗುತ್ತದೆ, ಸ್ನಾಯು ಸೊರಗುತ್ತದೆ, ಸಣ್ಣ ಕೆಲಸಕ್ಕೂ ನೋವು ಹುಟ್ಟುತ್ತದೆ. ಆ ಗಂಟು ಬಿಡಿಸಲು ಅವರು ವ್ಯಾಯಾಮದ ಅಳತೆಯನ್ನೇ ಬದಲಿಸಿದರು. ನೋವು ಬರುವವರೆಗೆ ಮಾಡಿ ಎನ್ನುವ ಬದಲು ಇಂದು ಇಷ್ಟು ಹೆಜ್ಜೆ, ನಾಳೆ ಇನ್ನೆರಡು ಹೆಚ್ಚು ಎಂದು ಮೊದಲೇ ಗೊತ್ತುಮಾಡಿದರು. ನೋವು ಇದ್ದರೂ ಅಷ್ಟು ನಡೆಯಬೇಕು, ಇಲ್ಲದಿದ್ದರೂ ಅಷ್ಟಕ್ಕೇ ನಿಲ್ಲಿಸಬೇಕು. ನೋವನ್ನು ಕಳೆಯುವುದು, ಮನುಷ್ಯನನ್ನು ಚಲಿಸುವಂತೆ ಮಾಡುವುದು, ಇವೆರಡೂ ಒಂದೇ ಕೆಲಸದ ಎರಡು ಭಾಗಗಳೆಂದು ಆಗ ಸ್ಪಷ್ಟವಾಯಿತು. ಆ ಕೆಲಸವನ್ನು ಯಾವ ಭಾಗದಿಂದ ಆರಂಭಿಸಬೇಕು ಎಂಬ ಜಗ್ಗಾಟ ಮಾತ್ರ ಈ ವೃತ್ತಿಯಲ್ಲಿ ಇಂದಿಗೂ ಮುಗಿದಿಲ್ಲ.

ಭಾರತದಲ್ಲಿ ಈ ಹಾದಿ ಹಿಡಿಯುವವರ ಓದು ದೀರ್ಘ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಎಂಬಿಬಿಎಸ್, ಆಮೇಲೆ ನೀಟ್-ಪಿಜಿ, ಆಮೇಲೆ ಮೂರು ವರ್ಷ ಎಂಡಿ. ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಎಂಬ ಉದ್ದ ಹೆಸರಿನ ಈ ವಿಷಯವನ್ನು ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ‘ಪಿಎಂಆರ್’ ಎನ್ನುತ್ತಾರೆ. ಮುಂಬೈನ ಹಾಜಿ ಅಲಿಯಲ್ಲಿ 1955ರಲ್ಲಿ ಆರಂಭವಾದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಈ ಕ್ಷೇತ್ರದ ಹಳೆಯ ನೆಲೆ. ದೆಹಲಿಯಲ್ಲಿ ರಸ್ತೆಯ ಈಚೆಗಿರುವ ಏಮ್ಸ್‌ನಲ್ಲೂ ಆಚೆಗಿರುವ ಸಫ್ದರ್‌ಜಂಗ್ ಆಸ್ಪತ್ರೆಯಲ್ಲೂ ಈ ವಿಭಾಗವಿದೆ. ಇನ್ನೊಂದು ದಾರಿಯಲ್ಲಿ ಅರಿವಳಿಕೆಯಲ್ಲಿ ಎಂಡಿ ಮಾಡಿ, ಮೇಲೆ ನೋವಿನ ಚಿಕಿತ್ಸೆಯಲ್ಲಿ ಫೆಲೋಶಿಪ್ ಮಾಡುತ್ತಾರೆ. ನೋವಿನ ಅಧ್ಯಯನದ ಭಾರತೀಯ ಸಂಘ 1984ರಲ್ಲಿ ಶುರುವಾಯಿತು. ಎಂಬಿಬಿಎಸ್ ಪಠ್ಯಕ್ರಮಕ್ಕೆ ಪುನರ್ವಸತಿ ವಿಷಯ ಕ್ರಮಬದ್ಧವಾಗಿ ಸೇರಿದ್ದು 2019ರ ಪರಿಷ್ಕರಣೆಯಲ್ಲಿ. ಅದಕ್ಕೂ ಮುಂಚೆ ಓದಿ ಮುಗಿಸಿದ ಡಾಕ್ಟರುಗಳಲ್ಲಿ ಎಷ್ಟೋ ಮಂದಿಗೆ ಇಂಥದ್ದೊಂದು ತಜ್ಞ ವಿಭಾಗ ಇದೆಯೆಂಬುದೇ ಸರಿಯಾಗಿ ಗೊತ್ತಿರಲಿಲ್ಲ.

ಪಿಎಂಆರ್ ವೈದ್ಯರ ತರಬೇತಿ ಬೆನ್ನುನೋವಿಗಷ್ಟೇ ಸೀಮಿತವಲ್ಲ. ಪಾರ್ಶ್ವವಾಯು ಹೊಡೆದವರು, ಕಾಲು ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿಯ ಮಕ್ಕಳು, ಬೆನ್ನುಹುರಿಗೆ ಪೆಟ್ಟಾದವರು ಎಲ್ಲರೂ ಅವರ ವಾರ್ಡಿನವರೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಚಲನೆಗೆ ಸಂಬಂಧಿಸಿದ ವೈಕಲ್ಯ ಶೇಕಡಾ ಎಷ್ಟು ಎಂದು ಅಳೆದು ಸಹಿ ಹಾಕುವ ಮಂಡಳಿಗಳಲ್ಲೂ ಇವರು ಕೂರುತ್ತಾರೆ. ಶೇಕಡಾ 40 ಎಂಬ ಗೆರೆಯ ಮೇಲೆ ಮೀಸಲಾತಿ ನಿಂತಿರುವುದರಿಂದ ಆ ಸಹಿಯ ತೂಕ ಮುಖರ್ಜಿ ನಗರದವರಿಗೆ ಚೆನ್ನಾಗಿ ಗೊತ್ತು. ಗಾಲಿಕುರ್ಚಿಯವರ ನಡುವೆ ಮೂರು ವರ್ಷ ಕಳೆದು ಬಂದ ಡಾಕ್ಟರು ಸೊಂಟನೋವಿನ ಹುಡುಗನನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ. ಎಲ್ಲಿ ನೋಯುತ್ತದೆ ಎಂದು ಕೇಳಿ ಸುಮ್ಮನಾಗುವುದಿಲ್ಲ. ಯಾವ ಕೆಲಸ ನಿಂತುಹೋಗಿದೆ ಎಂದೂ ಕೇಳುತ್ತಾರೆ.

ಮೊದಲ ಭೇಟಿಯ ಮುಖ್ಯ ಕೆಲಸ ಅಪಾಯದ ನೋವನ್ನು ಬೇರ್ಪಡಿಸುವುದು. ಬೆನ್ನುನೋವಿನವರಲ್ಲಿ ಬಹುಪಾಲು ಜನರಿಗೆ ಅಪಾಯದ ಕಾರಣವೇನೂ ಇರುವುದಿಲ್ಲ. ಇರುವ ಕೆಲವರನ್ನು ತಪ್ಪಿಸಿಕೊಂಡರೆ ಮಾತ್ರ ದೊಡ್ಡ ಅನಾಹುತ. ಭಾರತದಲ್ಲಿ ಈ ಪಟ್ಟಿಯ ಮೇಲ್ಭಾಗದಲ್ಲೇ ಬೆನ್ನುಮೂಳೆಯ ಕ್ಷಯ ಬರುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಅದನ್ನು ವರ್ಣಿಸಿದ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇಂದಿಗೂ ನಮ್ಮ ದೇಶದವರು. ಕಿಕ್ಕಿರಿದ ಪಿಜಿ ಕೋಣೆ, ಗಾಳಿಯಾಡದ ಓದುಮನೆ, ಹೊತ್ತು ತಪ್ಪಿದ ಊಟ ಇವೆಲ್ಲ ಆ ರೋಗಕ್ಕೆ ಅನುಕೂಲವೇ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೆ ಬಾಮು ಹಚ್ಚಿ ಕಳಿಸುವಂತಿಲ್ಲ. ರಾಜನ್ ಬಾಬು ಕ್ಷಯರೋಗ ಆಸ್ಪತ್ರೆ ಇರುವುದೂ ಪಕ್ಕದ ಕಿಂಗ್ಸ್‌ವೇ ಕ್ಯಾಂಪ್‌ನಲ್ಲೇ.

ಎರಡನೆಯದು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ. ಇದು ಶುರುವಾಗುವುದೇ ಇಪ್ಪತ್ತರ ಆಸುಪಾಸಿನಲ್ಲಿ. ಸಾಮಾನ್ಯ ಸೊಂಟನೋವು ದಣಿದಾಗ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ಇದರ ಲಕ್ಷಣ ಬೇರೆ. ಮಲಗಿದರೆ ಹೆಚ್ಚು, ಬೆಳಗಿನ ಜಾವ ಎಬ್ಬಿಸುತ್ತದೆ, ಎದ್ದ ಮೇಲೆ ಅರ್ಧ ಗಂಟೆಗೂ ಮೀರಿ ಬೆನ್ನು ಮರಗಟ್ಟಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಕೂತು ಕೂತು ಹೀಗಾಗಿದೆ ಎಂದುಕೊಂಡೇ ವರ್ಷಗಳು ಕಳೆದುಹೋಗುವುದುಂಟು. ಅಷ್ಟರಲ್ಲಿ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆಯತೊಡಗಬಹುದು. ಇಂಥವರನ್ನು ಗುರುತಿಸಿ ಕೀಲುಗಳ ಉರಿಯೂತದ ತಜ್ಞರಾದ ರುಮಟಾಲಜಿಸ್ಟ್ ಬಳಿಗೆ ಕಳಿಸುವುದು ಪೇನ್ ಕ್ಲಿನಿಕ್ಕಿನ ದೊಡ್ಡ ಉಪಕಾರಗಳಲ್ಲಿ ಒಂದು. ಇನ್ನು ಸೊಂಟನೋವಿನ ಜತೆ ಮೂತ್ರ ಕಟ್ಟಿದರೆ, ತೊಡೆ ಸಂದಿನ ಸುತ್ತ ಸ್ಪರ್ಶ ತಪ್ಪಿದರೆ, ಕಾಲಿನ ಬಲ ಕುಸಿಯುತ್ತಿದ್ದರೆ ಅದು ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ.

ಇವ್ಯಾವುವೂ ಇಲ್ಲದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಎಂಆರ್‌ಐ ಚಿತ್ರವಿರುತ್ತದೆ. ‘ಡಿಸ್ಕ್ ಜಾರಿದೆಯಂತೆ’ ಎಂಬ ಭಯವೂ ಜತೆಗೇ ಬಂದಿರುತ್ತದೆ. ಅಮೆರಿಕದ ನರಚಿತ್ರಣ ತಜ್ಞರ ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ಬೆನ್ನುನೋವೇ ಇಲ್ಲದ 3,110 ಮಂದಿಯ ಚಿತ್ರಗಳನ್ನು ಲೆಕ್ಕ ಹಾಕಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ, ಶೇ 30 ಮಂದಿಗೆ ಡಿಸ್ಕ್ ಉಬ್ಬು ಕಂಡಿತು. ಎಂಬತ್ತರವರಲ್ಲಿ ಸವೆತ ಶೇ 96ಕ್ಕೆ ಮುಟ್ಟಿತ್ತು. ಇವರೆಲ್ಲ ನೋವಿಲ್ಲದವರು ಎಂಬುದನ್ನು ಮರೆಯಬಾರದು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಿರಬೇಕಿಲ್ಲ. ಅದನ್ನು ರೋಗಿಗೆ ತಿಳಿಸಿ ಹೇಳಲು ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷವೂ ಚಿಕಿತ್ಸೆಯೇ. ಹೆದರಿದವನು ಬಗ್ಗುವುದಿಲ್ಲ, ಬಗ್ಗದವನ ಬೆನ್ನು ಬಿಗಿಯುತ್ತದೆ.

ಮೊಬೈಲು ನೋಡಲು ತಲೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೊ ಭಾರ ಬೀಳುತ್ತದೆ ಎಂಬ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಎಲ್ಲರೂ ಓದಿದ್ದಾರೆ. ಅದು ನ್ಯೂಯಾರ್ಕಿನ ಒಬ್ಬ ಬೆನ್ನುಮೂಳೆ ಶಸ್ತ್ರವೈದ್ಯರು 2014ರಲ್ಲಿ ಕಂಪ್ಯೂಟರ್ ಮಾದರಿ ಮಾಡಿ ಕಂಡುಕೊಂಡ ಲೆಕ್ಕ. ಯಾವ ಮನುಷ್ಯನ ಕುತ್ತಿಗೆಯಲ್ಲೂ ಅಳೆದದ್ದಲ್ಲ. ಕೂತರೆ ಡಿಸ್ಕಿನ ಮೇಲೆ ನಿಂತಾಗಿನದಕ್ಕಿಂತ ಹೆಚ್ಚು ಒತ್ತಡ ಎಂದು 1960ರ ದಶಕದಿಂದ ನಂಬಿದ್ದೆವು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಗೇ ಸಂವೇದಕ ಇಟ್ಟು ನೋಡಿದಾಗ, ಆರಾಮಾಗಿ ಕೂತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಹಾಗಾಗಿ ‘ನೆಟ್ಟಗೆ ಕೂರು’ ಎಂಬ ಉಪದೇಶ ಈಗ ಹಳತಾಗುತ್ತಿದೆ. ಯಾವ ಭಂಗಿಯಾದರೂ ಸರಿ, ಅದರಲ್ಲೇ ಗಂಟೆಗಟ್ಟಲೆ ಇರಬಾರದು. ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ಬಾಟಲಿ ತುಂಬಿಸಿಕೊಂಡು ಬಂದರೂ ಆದೀತು.

ಇನ್ನು ಸೂಜಿಯ ಮಾತು. ಪೇನ್ ಕ್ಲಿನಿಕ್ಕಿನ ಹೆಸರು ಕೇಳಿ ಬರುವವರಿಗೆ ಬೇಕಿರುವುದು ಬಹುಪಾಲು ಇದೇ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲೋ ಅಲ್ಟ್ರಾಸೌಂಡ್‌ನಲ್ಲೋ ನೋಡಿಕೊಂಡು ನರದ ಬುಡಕ್ಕೆ ಸೂಜಿ ತಲುಪಿಸಿ, ಮರಗಟ್ಟಿಸುವ ಔಷಧ ಮತ್ತು ಸ್ಟಿರಾಯ್ಡ್ ಬಿಡುತ್ತಾರೆ. ಇನ್ನು ಕೆಲವೊಮ್ಮೆ ರೇಡಿಯೊ ತರಂಗಗಳ ಶಾಖದಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ನರವನ್ನು ಸುಡುತ್ತಾರೆ. ಕೈಚಳಕ ಬೇಕಾದ ಕೆಲಸ, ವರ್ಷಗಳ ಅಭ್ಯಾಸ ಬೇಡುವ ಕೆಲಸ. ಕಾಲಿಗೆ ಸೆಳೆತ ಹೊಡೆಯುವ ಹೊಸ ಸಯಾಟಿಕಾದಲ್ಲಿ ಕೆಲವರಿಗೆ ಕೆಲವು ವಾರಗಳ ಮಟ್ಟಿಗೆ ಆರಾಮ ಸಿಗುವುದೂ ನಿಜ.

ಆದರೆ 2025ರ ಫೆಬ್ರುವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ಈ ವೃತ್ತಿಯನ್ನೇ ಅಲುಗಾಡಿಸಿತು. ಮೂರು ತಿಂಗಳು ಮೀರಿದ, ಕ್ಯಾನ್ಸರಿಗೆ ಸಂಬಂಧಿಸದ ಬೆನ್ನುಮೂಳೆ ನೋವಿಗೆ ಬೆನ್ನುಹುರಿಯ ಹೊರಪದರದ ಸುತ್ತ ಕೊಡುವ ಎಪಿಡ್ಯುರಲ್ ಇಂಜೆಕ್ಷನ್, ಕೀಲಿನ ಇಂಜೆಕ್ಷನ್, ನರ ಸುಡುವಿಕೆ ಇವೆಲ್ಲವುಗಳ ವಿರುದ್ಧ ಅದು ಬಲವಾದ ಶಿಫಾರಸು ಮಾಡಿತು. ಹುಸಿ ಚಿಕಿತ್ಸೆಗಿಂತ ಇವು ಗಣನೀಯವಾಗಿ ಮೇಲೆಂದು ಕಾಣುವುದಿಲ್ಲ ಎಂಬುದು ಅದರ ವಾದ. ಸೂಜಿ ಹಿಡಿಯುವ ತಜ್ಞರ ಸಂಘಗಳು ತಿರುಗಿಬಿದ್ದವು. ಬೇರೆ ಬೇರೆ ಬಗೆಯ ರೋಗಿಗಳನ್ನು ಒಂದೇ ರಾಶಿ ಮಾಡಿ ತೂಗಿದ್ದಾರೆ ಎಂಬುದು ಅವರ ಆಕ್ಷೇಪ. ಜಗಳ ಮುಗಿದಿಲ್ಲ. ಮಂಡಿಯ ಕತೆಯೂ ಹೀಗೇ ಇದೆ. 2017ರಲ್ಲಿ ಅಮೆರಿಕದಲ್ಲಿ 140 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆ, ಎರಡು ವರ್ಷ ಸ್ಟಿರಾಯ್ಡ್ ಚುಚ್ಚಿಸಿಕೊಂಡವರಿಗೆ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ. ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತು. ರೋಗಿಯದೇ ರಕ್ತದಿಂದ ತೆಗೆದ ಪಿಆರ್‌ಪಿ ಈಗ ದುಬಾರಿ ಫ್ಯಾಷನ್. 2021ರಲ್ಲಿ ಆಸ್ಟ್ರೇಲಿಯಾದ ತಂಡ 288 ಮಂದಿಯಲ್ಲಿ ಪರೀಕ್ಷಿಸಿದಾಗ ಹನ್ನೆರಡು ತಿಂಗಳ ಕೊನೆಗೆ ಅದೂ ಉಪ್ಪುನೀರಿಗಿಂತ ಮೇಲೆನಿಸಲಿಲ್ಲ.

ಮಾತ್ರೆಗಳೂ ಅಷ್ಟೇನೂ ದೊಡ್ಡ ಭರವಸೆ ಕೊಡುವುದಿಲ್ಲ. ಹೊಸ ಸೊಂಟನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರೂ ಹುಸಿ ಮಾತ್ರೆ ಕೊಟ್ಟರೂ ಗುಣವಾಗಲು ಹಿಡಿಯುವ ಕಾಲ ಒಂದೇ ಎಂದು 2014ರಲ್ಲಿ 1,652 ಮಂದಿಯ ಅಧ್ಯಯನ ತೋರಿಸಿತು. ಸಯಾಟಿಕಾಗೆ ಧಾರಾಳವಾಗಿ ಬರೆದುಕೊಡುವ ಪ್ರಿಗಾಬಲಿನ್ 2017ರ ಅಧ್ಯಯನದಲ್ಲಿ ಹುಸಿ ಮಾತ್ರೆಯನ್ನು ಮೀರಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಇನ್ನೊಂದು ಕಡೆ, ನಿಜಕ್ಕೂ ಬೇಕಾದವರಿಗೆ ಬೇಕಾದ ಔಷಧ ಸಿಗದ ಸ್ಥಿತಿಯೂ ಈ ದೇಶದಲ್ಲಿತ್ತು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ದುರ್ಲಭವಾಯಿತು. ಕೇರಳದ ಅರಿವಳಿಕೆ ತಜ್ಞ ಎಂ.ಆರ್. ರಾಜಗೋಪಾಲ್ ಮತ್ತವರ ಸಂಗಡಿಗರ ಹೋರಾಟದ ಬಳಿಕ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನೋವಿನ ವೈದ್ಯರು ಈ ಎರಡೂ ತುದಿಗಳನ್ನು ತಿಳಿದಿರಬೇಕು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆಯಲು ಹಿಂಜರಿಯಬಾರದು, ಓದುವ ಹುಡುಗನ ಸೊಂಟನೋವಿಗೆ ಮಾರ್ಫಿನ್ ಜಾತಿಯದೇ ಆದ ಟ್ರಮಡಾಲ್ ಬರೆಯಲು ಕೈ ಓಡಬಾರದು.

ಹಾಗಾದರೆ ಕೆಲಸ ಮಾಡುವುದು ಯಾವುದು? ಉತ್ತರ ಸಪ್ಪೆಯಾದದ್ದು. ಮಲಗಬೇಡಿ ಎಂಬುದು 1986ರಿಂದಲೇ ಗೊತ್ತು. ಆಗ ಅಮೆರಿಕದಲ್ಲಿ 203 ಮಂದಿಗೆ ಎರಡು ದಿನದ ಅಥವಾ ಏಳು ದಿನದ ಹಾಸಿಗೆ ವಿಶ್ರಾಂತಿ ಹೇಳಿ ನೋಡಿದರು. ನೋವಿನ ವಿಷಯದಲ್ಲಿ ಎರಡೂ ಒಂದೇ, ಎರಡು ದಿನ ಮಲಗಿದವರು ಕೆಲಸಕ್ಕೆ ಬೇಗ ಮರಳಿದರು. 2024ರಲ್ಲಿ ಆಸ್ಟ್ರೇಲಿಯಾದ ಮಕ್ವಾರಿ ವಿಶ್ವವಿದ್ಯಾಲಯದವರು, ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಡಿಗೆಯ ಪಾಠ ಹೇಳಿದರು. ನಿಧಾನವಾಗಿ ಹೆಚ್ಚಿಸುತ್ತ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ನಡಿಗೆ. ಪಾಠ ಸಿಗದ ಗುಂಪಿನಲ್ಲಿ ನೋವು ಮರುಕಳಿಸಲು 112 ದಿನ ಹಿಡಿದರೆ ನಡೆದವರಲ್ಲಿ 208 ದಿನ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ತಂದಾಗ ತಿಳಿವಳಿಕೆ, ವ್ಯಾಯಾಮ, ಮನೋಚಿಕಿತ್ಸೆ ಇವುಗಳ ಪರ ನಿಂತಿತು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ತೂಗುಹಾಕಿರುವ ಸೊಂಟದ ಬೆಲ್ಟು, ಎಳೆತದ ಟ್ರ್ಯಾಕ್ಷನ್, ವಿದ್ಯುತ್ ಮಿಡಿತದ ಟೆನ್ಸ್ ಯಂತ್ರ, ಶಾಖದ ಅಲ್ಟ್ರಾಸೌಂಡ್ ಇವನ್ನು ವಾಡಿಕೆಯಾಗಿ ಬಳಸಬೇಡಿ ಎಂದಿತು. ಫಿಸಿಯೋ ಹೆಸರಿನಲ್ಲಿ ಎಷ್ಟೋ ಕಡೆ ಸಿಗುವುದು ಈ ಯಂತ್ರಗಳ ಶಾಖವೇ.

ವ್ಯಾಯಾಮ ಕಲಿಸುವುದು ಒಬ್ಬರ ಕೆಲಸವೂ ಅಲ್ಲ. ಪಿಎಂಆರ್ ವೈದ್ಯರು, ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕೂರಬೇಕು ಎಂಬುದು ಬೊನಿಕಾ ಕಾಲದ ಪಾಠ. ನಮ್ಮಲ್ಲಿ ಆ ತಂಡ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಕಾಣುತ್ತದೆ. ಹೊರಗೆ ಗಡಿಜಗಳವೇ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಹಿಂದೆ ‘ಡಾ.’ ಬಳಸಬಾರದೆಂದು ಪತ್ರ ಹೊರಡಿಸಿ, ಬೆನ್ನಲ್ಲೇ ಅದನ್ನು ಹಿಂತೆಗೆದುಕೊಂಡಿತು. ಹೆಸರಿನ ಹಿಂದಿನ ಅಕ್ಷರದ ಬಗ್ಗೆ ಅಷ್ಟು ಗದ್ದಲವಾಯಿತು. ಒಬ್ಬ ರೋಗಿಗೆ ಇವರೆಲ್ಲರೂ ಒಂದೇ ಸೂರಿನಡಿ ಸಿಗುವುದು ಹೇಗೆ ಎಂಬ ಬಗ್ಗೆ ಅಷ್ಟು ಗದ್ದಲ ಎಂದೂ ಆಗಿಲ್ಲ.

ದೆಹಲಿಯಲ್ಲಿ ಅಂಥ ಒಂದು ಸೂರನ್ನು ಕಟ್ಟಿಸಿದ್ದು ವೈದ್ಯರಲ್ಲ, ರೋಗಿ. ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ 1965ರ ಮೇ 29ರಂದು ಎವರೆಸ್ಟ್ ಶಿಖರದ ಮೇಲೆ ನಿಂತವರು. ಅದೇ ವರ್ಷದ ಭಾರತ-ಪಾಕ್ ಯುದ್ಧದಲ್ಲಿ ಗುಂಡೇಟು ತಗುಲಿ ಗಾಲಿಕುರ್ಚಿಗೆ ಬಂದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಾಗ ಬೆನ್ನುಹುರಿ ಗಾಯಾಳುಗಳಿಗೆ ಅಂಥ ಏರ್ಪಾಟು ಭಾರತದಲ್ಲಿಲ್ಲ ಎಂಬುದು ಅವರಿಗೆ ಕೊರೆಯಿತು. ಬಹುಕಾಲದ ಓಡಾಟದ ಫಲವಾಗಿ ವಸಂತ್ ಕುಂಜ್‌ನಲ್ಲಿ ಭಾರತೀಯ ಬೆನ್ನುಹುರಿ ಗಾಯಗಳ ಕೇಂದ್ರ ಎದ್ದು ನಿಂತಿತು. ಅಹ್ಲುವಾಲಿಯಾ 2022ರಲ್ಲಿ ತೀರಿಕೊಂಡರು.

ಮುಖರ್ಜಿ ನಗರದ ಸಣ್ಣ ಕ್ಲಿನಿಕ್ಕಿಗೆ ಇಂಥ ತಂಡ ಕಟ್ಟುವ ಬಲವಿರುವುದಿಲ್ಲ. ಅಲ್ಲಿ ಕೂತ ವೈದ್ಯರ ವೃತ್ತಿ ಯಾವ ಕಡೆ ವಾಲುತ್ತದೆ ಎಂಬುದನ್ನು ಹಲವೊಮ್ಮೆ ಶಾಸ್ತ್ರಕ್ಕಿಂತ ಹಣದ ಲೆಕ್ಕ ತೀರ್ಮಾನಿಸುತ್ತದೆ. ನಮ್ಮ ಆರೋಗ್ಯ ವಿಮೆಗಳು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದರೆ ಅಥವಾ ಡೇ-ಕೇರ್ ವಿಧಾನ ಮಾಡಿಸಿಕೊಂಡರೆ ಹಣ ಕೊಡುತ್ತವೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಕೊಡುವ ಆಯುಷ್ಮಾನ್ ಭಾರತ್ ಯೋಜನೆಯೂ ಹೊರರೋಗಿ ಚಿಕಿತ್ಸೆಯನ್ನು ಒಳಗೊಂಡಿಲ್ಲ. ಅಂದರೆ ಸೂಜಿಗೆ ಬಿಲ್ಲು ಆಗುತ್ತದೆ, ನಲವತ್ತು ನಿಮಿಷ ಕೂರಿಸಿಕೊಂಡು ವ್ಯಾಯಾಮ ಕಲಿಸಿದ್ದಕ್ಕೆ ಆಗುವುದಿಲ್ಲ. ಊರಿನಿಂದ ತಂದೆ ಕಳಿಸುವ ದುಡ್ಡಿನಲ್ಲಿ ಬಾಡಿಗೆ, ಮೆಸ್, ಟೆಸ್ಟ್ ಸೀರೀಸ್ ಕಟ್ಟಿ ಉಳಿದದ್ದರಲ್ಲಿ ವಾರಕ್ಕೆರಡು ಬಾರಿ ಫಿಸಿಯೋ ಶುಲ್ಕ ಕೊಡುವುದು ಅಭ್ಯರ್ಥಿಗೂ ಭಾರ. ಜಗತ್ತಿನಲ್ಲಿ 240 ಕೋಟಿ ಮಂದಿಗೆ ಪುನರ್ವಸತಿ ಸೇವೆಯಿಂದ ಪ್ರಯೋಜನವಿದೆ, ಅವರಲ್ಲಿ 171 ಕೋಟಿ ಮಂದಿ ಮೂಳೆ, ಕೀಲು, ಸ್ನಾಯುಗಳ ತೊಂದರೆಯವರು ಎಂಬುದು 2019ರ ಅಂಕಿಅಂಶ ಆಧರಿಸಿದ ಅಂದಾಜು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಪುನರ್ವಸತಿಯನ್ನು ಪ್ರಾಥಮಿಕ ಆರೋಗ್ಯ ಸೇವೆಯೊಳಗೆ ತರಬೇಕೆಂದು ನಿರ್ಣಯವನ್ನೂ ಮಾಡಿದೆ. ಮಲೆನಾಡಿನಲ್ಲಿ ದಿನವಿಡೀ ಕೂತು ಅಡಿಕೆ ಸುಲಿಯುವ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಕುತ್ತಿಗೆ, ಸೊಂಟಗಳಿಗೂ ಈ ನಿರ್ಣಯ ಅನ್ವಯಿಸಬೇಕು.

ಅಲ್ಲಿಯವರೆಗೆ, ಫಲಕ ನೋಡಿ ಒಳಗೆ ಹೋಗುವ ರೋಗಿ ಕೆಲವು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ನಿಮ್ಮ ಎಂಡಿ ಯಾವ ವಿಷಯದಲ್ಲಿ? ನನ್ನದು ಅಪಾಯದ ನೋವಲ್ಲ ಎಂದು ಹೇಗೆ ಗೊತ್ತಾಯಿತು? ಈ ಇಂಜೆಕ್ಷನ್ ಮಾಡಿಸಿದರೆ ಎಷ್ಟು ವಾರ ಆರಾಮ, ಆ ವಾರಗಳಲ್ಲಿ ನಾನು ಯಾವ ವ್ಯಾಯಾಮ ಮಾಡಬೇಕು? ಮಾಡಿಸದಿದ್ದರೆ ಏನಾಗುತ್ತದೆ? ಈ ವೃತ್ತಿಯಲ್ಲಿ ಪಳಗಿದವರು ಇವಕ್ಕೆ ಸಿಡುಕುವುದಿಲ್ಲ. ಎಷ್ಟೋ ಸಲ ನಾಲ್ಕನೆಯ ಪ್ರಶ್ನೆಗೆ ಅವರು ಕೊಡುವ ಉತ್ತರ, ಹೊಸ ಸಯಾಟಿಕಾ ಆದರೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಅಷ್ಟರವರೆಗೆ ನಡೆಯುವುದನ್ನು ನಿಲ್ಲಿಸಬೇಡಿ, ತಿಂಗಳು ಬಿಟ್ಟು ಬಂದು ತೋರಿಸಿ ಎಂಬುದೇ ಆಗಿರುತ್ತದೆ.